ಬರದ ಬಗೆಯರಿತು ಗೋಧಿ ತಳಿಯ ಆಯ್ಕೆ

ನಾಸಿಕ್ ಜಿಲ್ಲೆಯ ನಿಫಾಡ್‌ನಲ್ಲಿರುವ, ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠದ ಸಂಶೋಧನಾ ಕೇಂದ್ರವು ಮಿತ ನೀರಾವರಿಗೆ ಹೊಂದುವ ‘ನೇತ್ರಾವತಿ’ ಮುಂತಾದ ಗೋಧಿ ತಳಿಗಳನ್ನು ರೂಪಿಸಿದೆ. ಮಹಾರಾಷ್ಟ್ರ ಹಾಗೂ ಕರ್ನಾಟಕಗಳಲ್ಲಿ ಮಳೆಯಾಶ್ರಿತ ಗೋಧಿಯು ಎರೆಮಣ್ಣಿನಲ್ಲಿ ಉಳಿದ ತೇವವನ್ನೇ ನಂಬಿರುತ್ತದೆ. ತೆನೆ ಹೊರಡುವ ಮುನ್ನವೇ ತೇವ ತೀರಿದರೆ ಕಾಳುಗಳ ಸಂಖ್ಯೆ ಕುಗ್ಗುತ್ತದೆ; ಕಾಳು ತುಂಬುವಾಗ ತೀರಿದರೆ ಅವು ಜೊಳ್ಳಾಗುತ್ತವೆ. ಆದ್ದರಿಂದ ಒಂದೆರಡು ವರ್ಷಗಳ ಇಳುವರಿಯಿಂದಲೇ ತಳಿಯ ಗುಣವನ್ನು ನಿರ್ಧರಿಸಲಾಗದು.

‘ಎಪ್ಸಿಮ್’ನಂತಹ ಗಣಕಯಂತ್ರದ ಬೆಳೆ ಮಾದರಿಗಳು ಹಲವು ದಶಕಗಳ ಮಳೆ, ಉಷ್ಣತೆ, ಬಿಸಿಲು ಹಾಗೂ ಮಣ್ಣಿನ ವಿವರಗಳನ್ನು ಆಧರಿಸಿ, ಬೆಳೆಗೆ ಬೇಕಾದ ನೀರನ್ನೂ ದೊರೆಯುವ ನೀರನ್ನೂ ಪ್ರತಿದಿನದ ಲೆಕ್ಕದಲ್ಲಿ ಹೋಲಿಸುತ್ತವೆ. ಯಾವ ಪ್ರದೇಶದಲ್ಲಿ ಯಾವ ಬಗೆಯ ಬರ ಎಷ್ಟು ಸಲ ಒದಗುವುದೆಂದು ಇದರಿಂದ ಅಂದಾಜಿಸಬಹುದು. ಪ್ರಯೋಗದ ವರ್ಷವು ಅಪರೂಪದ್ದಾಗಿದ್ದರೆ ಅದರ ಫಲಿತಾಂಶಕ್ಕೆ ಕಡಿಮೆ ಮಹತ್ವ ನೀಡಬಹುದು. ಹೀಗಾದಲ್ಲಿ ಒಂದು ವರ್ಷದ ಅದೃಷ್ಟಕ್ಕಲ್ಲದೆ, ತನ್ನ ಹೊಲದ ಸ್ವಭಾವಕ್ಕೆ ಒಪ್ಪುವ ಬೀಜವು ರೈತನ ಕೈಸೇರುತ್ತದೆ.