ಆಮದು ಐಷಾರಾಮಿ ಕುಟುಂಬ ವಾಹನ: ಕೊಳ್ಳುವ ಮುನ್ನ ಬರೆಯಬೇಕಾದ ಲೆಕ್ಕ

ಬೆಂಗಳೂರಿನ ಕಡೆಯಿಂದ ಬಿ.ಎಚ್. ರಸ್ತೆಯಲ್ಲಿ ತುಮಕೂರು ನಗರವನ್ನು ಪ್ರವೇಶಿಸುವಾಗ ಎದುರಾಗುವ ಪ್ರಮುಖ ವ್ಯಾಪಾರ ನೆಲೆಗಳಲ್ಲಿ ಬಟವಾಡಿಯೂ ಒಂದು. ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣ ಇಲ್ಲಿದೆ. ರಾಷ್ಟ್ರೀಯ ಹೆದ್ದಾರಿ 48 ಸಮೀಪದಲ್ಲಿದೆ. ಬೆಂಗಳೂರು ಸುಮಾರು 70 ಕಿ.ಮೀ. ದೂರದಲ್ಲಿದೆ. ಇಲ್ಲಿನ ವರ್ತಕನಿಗೆ ಪ್ರಯಾಣ ತಪ್ಪದ ಕೆಲಸ. ವಾರದ ದಿನಗಳಲ್ಲಿ ಬೆಂಗಳೂರಿನ ಬ್ಯಾಂಕು, ಕಚೇರಿ, ವಿಮಾನ ನಿಲ್ದಾಣ. ಬಿಡುವಿನ ದಿನಗಳಲ್ಲಿ ಮನೆಮಂದಿಯೊಡನೆ ಎಡೆಯೂರು, ಗೊರವನಹಳ್ಳಿ, ದೇವರಾಯನದುರ್ಗ. ಏಳು ಜನ ಆರಾಮವಾಗಿ ಕುಳಿತು ಸಾಗುವ ವಾಹನದ ಬಯಕೆ ಹುಟ್ಟುವುದು ಈ ಅಗತ್ಯದಿಂದಲೇ.

ಇತ್ತೀಚಿನ ವರ್ಷಗಳಲ್ಲಿ ಈ ಬಯಕೆ ವಿದೇಶದಿಂದ ಆಮದಾಗುವ ಐಷಾರಾಮಿ ಬಹುಬಳಕೆ ವಾಹನಗಳ ಕಡೆಗೂ ತಿರುಗಿದೆ. ಇಂತಹ ವಾಹನ ಕೊಳ್ಳುವುದು ಸರಿಯೋ ತಪ್ಪೋ ಎಂಬುದು ಅವರವರ ಶಕ್ತಿಗೆ ಬಿಟ್ಟ ವಿಚಾರ. ಆದರೆ ಅದನ್ನು ಸಂಸ್ಥೆಯ ಹೆಸರಿನಲ್ಲಿ, ತೆರಿಗೆ ಉಳಿತಾಯದ ಭರವಸೆಯ ಮೇಲೆ, ವ್ಯಾಪಾರದ ಹಣದಿಂದ ಕೊಳ್ಳುವಾಗ ಲೆಕ್ಕ ತಪ್ಪುವ ಸಂಭವ ಹೆಚ್ಚು. ಆ ಲೆಕ್ಕವನ್ನು ಹಂತಹಂತವಾಗಿ ಪರಿಶೀಲಿಸುವುದು ಈ ಪಾಠದ ಉದ್ದೇಶ.

ಮೂರು ಬಗೆಯ ವಾಹನಗಳು

ಮೊದಲನೆಯದು ವಿದೇಶದಲ್ಲೇ ಪೂರ್ಣವಾಗಿ ತಯಾರಾಗಿ ಹಡಗಿನಲ್ಲಿ ಬರುವ ವಾಹನ. ಸ್ಪೇನ್‌ನಲ್ಲಿ ತಯಾರಾಗುವ ಮರ್ಸಿಡಿಸ್ ಬೆಂಜ್ ವಿ-ಕ್ಲಾಸ್ 2019ರ ಜನವರಿಯಲ್ಲಿ ರೂ. 68.40 ಲಕ್ಷದ ಆರಂಭಿಕ ಷೋರೂಂ ಬೆಲೆಯಲ್ಲಿ ಭಾರತಕ್ಕೆ ಬಂದಿತು. ಜಪಾನಿನ ಟೊಯೊಟಾ ವೆಲ್‌ಫೈರ್ 2020ರ ಫೆಬ್ರವರಿಯಲ್ಲಿ ರೂ. 79.50 ಲಕ್ಷಕ್ಕೆ ಬಂದಿತು. 2023ರ ಆಗಸ್ಟ್‌ನಲ್ಲಿ ಬಂದ ಅದರ ಹೊಸ ಮಾದರಿಯ ಬೆಲೆ ಸುಮಾರು ರೂ. 1.20 ಕೋಟಿಯಿಂದ ಆರಂಭವಾಯಿತು.

ಎರಡನೆಯದು ಬಿಡಿಭಾಗಗಳಾಗಿ ಬಂದು ಇಲ್ಲಿ ಜೋಡಣೆಯಾಗುವ ವಾಹನ. 2020ರಲ್ಲಿ ರೂ. 24.95 ಲಕ್ಷದ ಆರಂಭಿಕ ಬೆಲೆಯಲ್ಲಿ ಬಂದ ಕಿಯಾ ಕಾರ್ನಿವಲ್ ಆಂಧ್ರದ ಪೆನುಕೊಂಡದ ಬಳಿಯ ಕಾರ್ಖಾನೆಯಲ್ಲಿ ಜೋಡಣೆಯಾದದ್ದು. ಮೂರನೆಯದು ಇಲ್ಲಿಯೇ ತಯಾರಾಗುವ ವಾಹನ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ ಹೊರಬಂದವು. ಇನ್ನೋವಾ ಹೈಕ್ರಾಸ್‌ಗೆ 2022ರ ಡಿಸೆಂಬರ್‌ನಲ್ಲಿ ಪ್ರಕಟವಾದ ಬೆಲೆ ರೂ. 18.30 ಲಕ್ಷದಿಂದ 28.97 ಲಕ್ಷದವರೆಗೆ ಇತ್ತು. ಎರಡನೆಯ ಹಾಗೂ ಮೂರನೆಯ ಬಗೆಯ ಕಾರ್ಖಾನೆಗಳೆರಡೂ ತುಮಕೂರು ಜಿಲ್ಲೆಯ ಆಸುಪಾಸಿನಲ್ಲೇ ಇವೆಯೆಂಬುದು ಗಮನಾರ್ಹ.

ಬೆಲೆಯೊಳಗೆ ಅಡಗಿರುವ ತೆರಿಗೆ

ಪೂರ್ಣ ಆಮದು ವಾಹನದ ಬೆಲೆಯಲ್ಲಿ ವಾಹನದ ಪಾಲೆಷ್ಟು, ತೆರಿಗೆಯ ಪಾಲೆಷ್ಟು ಎಂಬುದನ್ನು ಮೊದಲು ತಿಳಿಯಬೇಕು. 2025ರ ಫೆಬ್ರವರಿಯ ಕೇಂದ್ರ ಮುಂಗಡ ಪತ್ರದ ಪ್ರಕಾರ, ವಿಮೆ ಹಾಗೂ ಸಾಗಣೆ ಸೇರಿ 40,000 ಡಾಲರ್ ಮೌಲ್ಯವನ್ನು ಮೀರಿದ ಕಾರಿಗೆ ಮೂಲ ಆಮದು ಸುಂಕ ಶೇ. 70, ಕೃಷಿ ಮೂಲಸೌಕರ್ಯ ಮತ್ತು ಅಭಿವೃದ್ಧಿ ಉಪಕರ ಶೇ. 40, ಒಟ್ಟು ಶೇ. 110. ಅದರ ಮೇಲೆ ಸರಕು ಮತ್ತು ಸೇವಾ ತೆರಿಗೆ. ಶೇ. 28ರ ಜೊತೆಗೆ ಪರಿಹಾರ ಉಪಕರವನ್ನು ವಿಧಿಸುತ್ತಿದ್ದ ಪದ್ಧತಿ 2025ರ ಸೆಪ್ಟೆಂಬರ್ 22ರಂದು ಕೊನೆಗೊಂಡು, ದೊಡ್ಡ ಕಾರುಗಳಿಗೆ ಶೇ. 40ರ ಒಂದೇ ದರ ಜಾರಿಗೆ ಬಂದಿತು. ವಿದ್ಯುತ್ ಚಾಲಿತ ವಾಹನಗಳ ದರ ಶೇ. 5ರಲ್ಲೇ ಉಳಿಯಿತು.

ಬಂದರಿನಲ್ಲಿ ರೂ. 100 ಮೌಲ್ಯದ ವಾಹನ ಇಳಿಯಿತೆಂದು ಭಾವಿಸಬಹುದು. ಶೇ. 110ರ ಸುಂಕ ಸೇರಿದಾಗ ಅದು ರೂ. 210 ಆಗುತ್ತದೆ. ಶೇ. 40ರ ತೆರಿಗೆ ಎಂದರೆ ರೂ. 84, ಮೊತ್ತ ರೂ. 294. ಮಾರಾಟಗಾರರ ಲಾಭವನ್ನು ಇನ್ನೂ ಸೇರಿಸಿಲ್ಲ. ಕರ್ನಾಟಕದಲ್ಲಿ ರೂ. 20 ಲಕ್ಷಕ್ಕೂ ಹೆಚ್ಚಿನ ಕಾರಿಗೆ ಶೇ. 18ರಂತೆ ಆಜೀವ ತೆರಿಗೆಯೂ, ಅದರ ಮೇಲೆ ಉಪಕರವೂ ಸಲ್ಲತಕ್ಕದ್ದು. ರೂ. 1.20 ಕೋಟಿಯ ವಾಹನಕ್ಕೆ ಆಜೀವ ತೆರಿಗೆಯೊಂದೇ ರೂ. 21.60 ಲಕ್ಷ. ಇದು ಬಿಡದಿಯಲ್ಲಿ ತಯಾರಾದ ಏಳು ಆಸನದ ಒಂದು ವಾಹನದ ಬೆಲೆಗೆ ಸಮೀಪದ ಮೊತ್ತ.

ಈ ತೆರಿಗೆಯನ್ನು ತಪ್ಪಿಸಲು ಬೇರೆ ರಾಜ್ಯದಲ್ಲಿ ನೋಂದಾಯಿಸಿ ಇಲ್ಲಿ ಓಡಿಸುವ ಸಲಹೆಗೆ ಕಿವಿಗೊಡಬಾರದು. ಒಂದು ರಾಜ್ಯದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗೂ ಹೆಚ್ಚು ಕಾಲ ಇರಿಸಿದರೆ ಹೊಸ ನೋಂದಣಿ ಕಡ್ಡಾಯ. ತೆರಿಗೆ ಕಟ್ಟದ ಹಲವು ಐಷಾರಾಮಿ ಕಾರುಗಳನ್ನು ರಾಜ್ಯದ ಸಾರಿಗೆ ಇಲಾಖೆ 2025ರಲ್ಲಿ ಬೆಂಗಳೂರಿನಲ್ಲಿ ವಶಕ್ಕೆ ತೆಗೆದುಕೊಂಡಿತು.

ಜಿ.ಎಸ್.ಟಿ. ಜಮೆ ದೊರೆಯುವುದೇ?

‘ಸಂಸ್ಥೆಯ ಹೆಸರಿನಲ್ಲಿ ಕೊಂಡರೆ ಜಿ.ಎಸ್.ಟಿ. ವಾಪಸು ಬರುತ್ತದೆ’ ಎಂಬ ಮಾತು ಮಾರುಕಟ್ಟೆಯಲ್ಲಿ ಆಗಾಗ್ಗೆ ಕೇಳಿಬರುತ್ತದೆ. ಬಹುಪಾಲು ವರ್ತಕರ ಮಟ್ಟಿಗೆ ಇದು ತಪ್ಪು ಕಲ್ಪನೆ. ಕೇಂದ್ರ ಜಿ.ಎಸ್.ಟಿ. ಕಾಯ್ದೆಯ 17(5)ನೇ ಸೆಕ್ಷನ್ ಪ್ರಕಾರ, ಚಾಲಕನೂ ಸೇರಿ 13ಕ್ಕಿಂತ ಹೆಚ್ಚಿಲ್ಲದ ಆಸನಗಳುಳ್ಳ ಪ್ರಯಾಣಿಕ ವಾಹನದ ಮೇಲಿನ ತೆರಿಗೆಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಇಲ್ಲ. ವಾಹನಗಳನ್ನು ಮಾರುವ ವ್ಯಾಪಾರಿ, ಬಾಡಿಗೆಗೆ ಪ್ರಯಾಣಿಕರನ್ನು ಸಾಗಿಸುವವರು, ಚಾಲನಾ ತರಬೇತಿ ನೀಡುವವರು, ಈ ಮೂವರಿಗೆ ಮಾತ್ರ ವಿನಾಯಿತಿಯುಂಟು. ಜಮೆ ಇಲ್ಲದ ವಾಹನದ ವಿಮೆ, ದುರಸ್ತಿ ಹಾಗೂ ಸರ್ವೀಸಿನ ಮೇಲಿನ ತೆರಿಗೆಗೂ ಜಮೆ ಇಲ್ಲ.

ಇದರ ಎದುರಿಗೆ ಇನ್ನೊಂದು ಸಂಗತಿಯಿದೆ. ವಸಂತನರಸಾಪುರಕ್ಕೋ ಹಿರೇಹಳ್ಳಿಗೋ ಕಾರ್ಮಿಕರನ್ನು ಕರೆದೊಯ್ಯಲು ಚಾಲಕ ಸೇರಿ 14 ಅಥವಾ ಅದಕ್ಕೂ ಹೆಚ್ಚು ಆಸನದ ವಾಹನವನ್ನು ಕೊಂಡ ಸಣ್ಣ ಕೈಗಾರಿಕೋದ್ಯಮಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ. ಸರಕು ಸಾಗಣೆ ವಾಹನಕ್ಕೂ ಹಾಗೆಯೇ. ಇಂತಹ ವಾಹನಗಳ ದರವೂ 2025ರ ಸೆಪ್ಟೆಂಬರ್‌ನಿಂದ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಕಾಯ್ದೆ ದುಡಿಮೆಯ ವಾಹನವನ್ನು ಒಂದು ಬಗೆಯಾಗಿಯೂ, ಸವಾರಿಯ ವಾಹನವನ್ನು ಇನ್ನೊಂದು ಬಗೆಯಾಗಿಯೂ ಕಾಣುತ್ತದೆ.

ಸವಕಳಿಯ ನಿಜವಾದ ಲಾಭ

ಎರಡನೆಯ ಭರವಸೆ ಆದಾಯ ತೆರಿಗೆಯ ಸವಕಳಿಗೆ ಸಂಬಂಧಿಸಿದ್ದು. 1961ರ ಕಾಯ್ದೆಯ ನಿಯಮಗಳಲ್ಲಿ ಸ್ವಂತ ವ್ಯವಹಾರಕ್ಕೆ ಬಳಸುವ ಕಾರಿನ ಸವಕಳಿ ದರ ಶೇ. 15, ಬಾಡಿಗೆಗೆ ಓಡಿಸುವ ಕಾರಿಗೆ ಶೇ. 30. ಆ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅರ್ಧದಷ್ಟು ಮಾತ್ರ. 2025ರ ಹೊಸ ಆದಾಯ ತೆರಿಗೆ ಕಾಯ್ದೆಗೆ 2026ರ ಏಪ್ರಿಲ್ 1 ಜಾರಿಯ ದಿನವಾಗಿ ನಿಗದಿಯಾದುದರಿಂದ, ಸೆಕ್ಷನ್ ಸಂಖ್ಯೆಗಳಿಗಾಗಿ ಲೆಕ್ಕಪರಿಶೋಧಕರನ್ನು ಕೇಳುವುದು ಕ್ಷೇಮ.

ಉದಾಹರಣೆಗೆ, ಒಂದು ಪಾಲುದಾರಿಕೆ ಸಂಸ್ಥೆ ಎಲ್ಲ ತೆರಿಗೆ ಸೇರಿ ರೂ. 1.40 ಕೋಟಿಗೆ ವಾಹನ ಕೊಂಡಿತೆಂದು ಇಟ್ಟುಕೊಳ್ಳಬಹುದು. ಶೇ. 15ರಂತೆ ಮೊದಲ ವರ್ಷದ ಸವಕಳಿ ರೂ. 21 ಲಕ್ಷ, ಎರಡನೆಯ ವರ್ಷ ರೂ. 17.85 ಲಕ್ಷ, ಮೂರನೆಯ ವರ್ಷ ರೂ. 15.17 ಲಕ್ಷ, ಒಟ್ಟು ರೂ. 54.02 ಲಕ್ಷ. ಶೇ. 30ರ ತೆರಿಗೆ ದರದಲ್ಲಿ ಉಳಿತಾಯ ಸುಮಾರು ರೂ. 16.20 ಲಕ್ಷ. ಮೂರು ವರ್ಷಗಳಲ್ಲಿ ರೂ. 16 ಲಕ್ಷ ಉಳಿಸುವುದಕ್ಕಾಗಿ ರೂ. 1.40 ಕೋಟಿ ವೆಚ್ಚ ಮಾಡಿದಂತಾಯಿತು. ಅದರಲ್ಲೂ ಮನೆಯ ಬಳಕೆಯ ಪಾಲಿಗೆ ಸವಕಳಿ ಸಲ್ಲುವುದಿಲ್ಲ. ಪ್ರಯಾಣದ ದಿನಚರಿಯನ್ನು ಬರೆದಿಡದ ಸಂಸ್ಥೆ ಈ ಪಾಲನ್ನು ವಿವರಿಸಲು ಕಷ್ಟಪಡಬೇಕಾಗುತ್ತದೆ.

ರೂ. 10 ಲಕ್ಷ ಮೀರಿದ ವಾಹನಕ್ಕೆ ಮಾರಾಟಗಾರರು 2016ರ ಜೂನ್‌ನಿಂದ ಶೇ. 1ರಂತೆ ಸಂಗ್ರಹಿಸುವ ತೆರಿಗೆ ಪ್ರತ್ಯೇಕ ವೆಚ್ಚವಲ್ಲ. ಅದು ಕೊಂಡವರ ಖಾತೆಗೆ ಜಮೆಯಾಗುವ ಮುಂಗಡ. ಆದರೆ ಆ ಮೂಲಕ ಖರೀದಿಯ ಮಾಹಿತಿ ಇಲಾಖೆಗೆ ತಲುಪುತ್ತದೆ. ಘೋಷಿಸಿದ ಆದಾಯಕ್ಕೂ ಖರೀದಿಗೂ ಹೊಂದಾಣಿಕೆ ಇರಬೇಕು.

ದುಡಿಯುವ ಬಂಡವಾಳದ ಪ್ರಶ್ನೆ

ವರ್ತಕರು ನಿಜವಾಗಿ ಎಚ್ಚರ ವಹಿಸಬೇಕಾದ ಸ್ಥಳ ಇದು. ಬ್ಯಾಂಕಿನ ಸಿ.ಸಿ. ಸಾಲದ ಮಿತಿ ದಾಸ್ತಾನು ಹಾಗೂ ಬರಬೇಕಾದ ಬಾಕಿಗಳ ಆಧಾರದ ಮೇಲೆ ನಿಗದಿಯಾಗುತ್ತದೆ. ಆ ಹಣ ಸರಕಾಗಿ, ಸರಕು ಬಾಕಿಯಾಗಿ, ಬಾಕಿ ಮತ್ತೆ ಹಣವಾಗಿ ತಿರುಗುತ್ತಿರಬೇಕು. ಅದರಿಂದ ವಾಹನದ ಮುಂಗಡ ಕಟ್ಟಿದರೆ ಚಕ್ರ ಅಲ್ಲಿಗೇ ನಿಲ್ಲುತ್ತದೆ. ಹುಣಸೆಹಣ್ಣು, ಅಡಿಕೆ, ಕೊಬ್ಬರಿಯ ಆವಕ ಹೆಚ್ಚಿರುವ ಕಾಲದಲ್ಲಿ ರೈತನಿಗೆ ಹಣ ಕೊಡಲಾಗದ ವರ್ತಕನ ಮಳಿಗೆಯ ಮುಂದೆ ಎಷ್ಟೇ ದೊಡ್ಡ ವಾಹನ ನಿಂತಿದ್ದರೂ ಮಾಲು ಮುಂದಿನ ಮಳಿಗೆಗೆ ಹೋಗುತ್ತದೆ.

ವಾಹನ ಸಾಲವೇ ಸರಿಯೆಂದರೆ ಅದರ ಲೆಕ್ಕವೂ ತಿಳಿದಿರಲಿ. ರೂ. 1 ಕೋಟಿ ಸಾಲಕ್ಕೆ ಶೇ. 9ರ ಬಡ್ಡಿಯಂತೆ 60 ಕಂತುಗಳಾದರೆ ತಿಂಗಳ ಕಂತು ಸುಮಾರು ರೂ. 2.08 ಲಕ್ಷ, ಒಟ್ಟು ಬಡ್ಡಿ ಸುಮಾರು ರೂ. 24.50 ಲಕ್ಷ. ಈ ಕಂತು ಮಾರುಕಟ್ಟೆ ಮಂದವಾದ ತಿಂಗಳಲ್ಲೂ ತಪ್ಪುವುದಿಲ್ಲ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಅಪಾಯವುಂಟು. ನೋಂದಾಯಿತ ಅತಿಸಣ್ಣ ಹಾಗೂ ಸಣ್ಣ ಉತ್ಪಾದಕರಿಗೆ ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ, ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಪಾವತಿಸಬೇಕು. 2023-24ರ ಹಣಕಾಸು ವರ್ಷದಿಂದ, ತಡವಾಗಿ, ವರ್ಷಾಂತ್ಯದ ನಂತರ ಪಾವತಿಸಿದರೆ ಆ ಖರೀದಿಯನ್ನು ಆ ವರ್ಷದ ವೆಚ್ಚವಾಗಿ ತೋರಿಸಲು ಬರುವುದಿಲ್ಲ. ಹಣ ವಾಹನದಲ್ಲಿ ಸಿಲುಕಿ ಪಾವತಿ ತಡವಾದರೆ, ಸವಕಳಿಯಿಂದ ಉಳಿದ ತೆರಿಗೆ ಈ ದಾರಿಯಲ್ಲಿ ಹೊರಟುಹೋಗಬಹುದು.

ಓಡಿಸುವಾಗಿನ ಅನುಕೂಲ, ಅನನುಕೂಲ

ವೆಲ್‌ಫೈರ್‌ನ ಹೊಸ ಮಾದರಿ ಸುಮಾರು 5 ಮೀಟರ್ ಉದ್ದ, 1.85 ಮೀಟರ್ ಅಗಲ, 1.95 ಮೀಟರ್ ಎತ್ತರದ ವಾಹನ. ಮುಂದಿನ ಹಾಗೂ ಹಿಂದಿನ ಚಕ್ರಗಳ ನಡುವೆ 3 ಮೀಟರ್ ಅಂತರ. ತೂಕ 2 ಟನ್‌ಗೂ ಹೆಚ್ಚು. ಪಕ್ಕಕ್ಕೆ ಜಾರುವ ಬಾಗಿಲುಗಳು ಇಕ್ಕಟ್ಟಾದ ಮಾರುಕಟ್ಟೆ ಬೀದಿಯಲ್ಲಿ ಬಹಳ ಉಪಯುಕ್ತ. ತಗ್ಗಾದ ನೆಲಹಾಸು ವಯೋವೃದ್ಧರಿಗೆ ಹತ್ತಿಳಿಯಲು ಸುಲಭ. ನಿಂತು ಸಾಗುವ ಸಂಚಾರದಲ್ಲಿ 2.5 ಲೀಟರ್ ಪೆಟ್ರೋಲ್ ಎಂಜಿನ್ನಿಗೆ ವಿದ್ಯುತ್ ಮೋಟಾರಿನ ನೆರವು ಇಂಧನವನ್ನು ಉಳಿಸುತ್ತದೆ.

ಆದರೆ ಉದ್ದ ಚಕ್ರಾಂತರದ ಈ ವಾಹನ ಏಳು ಜನ ತುಂಬಿದಾಗ ಗ್ರಾಮೀಣ ರಸ್ತೆಯ ಎತ್ತರದ ಉಬ್ಬುಗಳಲ್ಲಿ ತಳ ತಾಗುವ ಅಪಾಯವಿದೆ. ಉಬ್ಬನ್ನು ತೀರಾ ನಿಧಾನವಾಗಿ ದಾಟಬೇಕು. ದೇವರಾಯನದುರ್ಗದ ತಿರುವುಗಳಲ್ಲಿ ಎತ್ತರದ ಒಡಲಿನ ತೂಗಾಟವನ್ನು ಮರೆಯಬಾರದು. ನಗರದ ನೆಲಮಾಳಿಗೆಯ ನಿಲುಗಡೆಗೆ ಇಳಿಯುವ ಮೊದಲು ಎತ್ತರದ ಫಲಕವನ್ನು ಓದಬೇಕು. 2 ಮೀಟರ್ ಮಿತಿಯಿದ್ದರೆ ಉಳಿಯುವುದು ಐದು ಸೆಂಟಿಮೀಟರ್ ಮಾತ್ರ. ಇಂತಹ ವಾಹನದ ಸುಖವೆಲ್ಲ ನಡುವಣ ಸಾಲಿನ ಆಸನಗಳಲ್ಲಿರುವುದರಿಂದ ಚಾಲಕನ ಸಂಬಳವೂ ಲೆಕ್ಕಕ್ಕೆ ಸೇರಬೇಕು. ದೇಶದಲ್ಲಿ ತಯಾರಾಗದ ವಾಹನದ ಗಾಜು, ದೀಪ, ಬಾಗಿಲಿನ ಯಂತ್ರದಂತಹ ಭಾಗಗಳು ಸ್ಥಳೀಯ ಅಂಗಡಿಯಲ್ಲಿ ದೊರೆಯುವುದಿಲ್ಲ. ದುರಸ್ತಿಯ ಬೆಲೆಯನ್ನೂ ಕಾಯಬೇಕಾದ ದಿನಗಳನ್ನೂ ಕೊಳ್ಳುವ ಮೊದಲೇ ಬರಹದಲ್ಲಿ ಪಡೆಯುವುದು ಉಚಿತ.

ಮಾರುವಾಗ

ಸವಕಳಿ ಪಡೆದ ಕಾರನ್ನು ನೋಂದಾಯಿತ ವರ್ತಕರು ಮಾರಿದಾಗ, ಮಾರಾಟದ ಬೆಲೆ ಪುಸ್ತಕದ ಸವಕಳಿ ಕಳೆದ ಮೌಲ್ಯಕ್ಕಿಂತ ಹೆಚ್ಚಿದ್ದರೆ ಆ ಹೆಚ್ಚಳದ ಮೇಲೆ ಮಾತ್ರ ಜಿ.ಎಸ್.ಟಿ. ಸಲ್ಲುತ್ತದೆ, 2025ರ ಜನವರಿಯಿಂದ ದರ ಶೇ. 18. ಕಡಿಮೆಯಿದ್ದರೆ ತೆರಿಗೆಯಿಲ್ಲ. ಮೇಲಿನ ಉದಾಹರಣೆಯಲ್ಲಿ ಮೂರು ವರ್ಷಗಳ ನಂತರದ ಪುಸ್ತಕ ಮೌಲ್ಯ ರೂ. 85.98 ಲಕ್ಷ. ಆ ಬೆಲೆಗೆ ಕೊಳ್ಳುವವರು ದೊರೆಯುವರೇ ಎಂಬುದನ್ನು ಇಂದೇ ವಿಚಾರಿಸಿಕೊಳ್ಳಬೇಕು.

ಸಾರಾಂಶ

ಖರೀದಿಗೆ ಮುನ್ನ ವರ್ತಕರು ಒಂದು ಹಾಳೆಯಲ್ಲಿ ನಾಲ್ಕು ಉತ್ತರಗಳನ್ನು ಬರೆಯಬೇಕು. ವಾಹನದ ಹಣ ವ್ಯಾಪಾರದಿಂದ ಬರುತ್ತಿದೆಯೇ, ತೆರಿಗೆ ಕಟ್ಟಿ ಉಳಿದ ಸ್ವಂತ ಉಳಿತಾಯದಿಂದಲೇ? ಆರು ತಿಂಗಳ ಕಂತುಗಳನ್ನು ವ್ಯಾಪಾರವಿಲ್ಲದೆಯೂ ಕಟ್ಟಬಹುದೇ? ವರ್ಷದಲ್ಲಿ ಎಷ್ಟು ದಿನ ಏಳು ಜನ ಒಟ್ಟಿಗೆ ಪ್ರಯಾಣಿಸುತ್ತಾರೆ? ಆ ಕೆಲಸವನ್ನು ಬಿಡದಿಯ ವಾಹನ ಮಾಡಲಾರದೇ?

ಈ ನಾಲ್ಕಕ್ಕೂ ಸಮಾಧಾನಕರ ಉತ್ತರವಿದ್ದವರು ನಿಶ್ಚಿಂತೆಯಿಂದ ಕೊಳ್ಳಬಹುದು. ಅಂತಹವರಿಗೆ ಅದು ಮನೆಮಂದಿಯ ಸುಖಕ್ಕಾಗಿ ಮಾಡಿದ ವೆಚ್ಚ. ಅದನ್ನು ಹಾಗೆಂದೇ ಬರೆದುಕೊಂಡರೆ ಯಾವ ತೊಂದರೆಯೂ ಇಲ್ಲ. ವೆಚ್ಚವನ್ನು ಹೂಡಿಕೆಯೆಂದು, ಸವಕಳಿಯನ್ನು ಲಾಭವೆಂದು ಬರೆದುಕೊಂಡ ದಿನದಿಂದ ಲೆಕ್ಕದ ಪುಸ್ತಕ ದಾರಿ ತಪ್ಪುತ್ತದೆ.