ಆರೋಗ್ಯ ಪ್ರಶ್ನೋತ್ತರ: ನಾಯಿಯ ಜೊತೆ ಹಿನ್ನೀರಿನ ದಡಕ್ಕೆ

ಪ್ರಶ್ನೆ: ಡಿಸೆಂಬರ್ ಕೊನೆಯ ರಜೆಯಲ್ಲಿ ನಾವು ಎರಡು ಕುಟುಂಬದವರು ಸಾಗರದ ಕಡೆ, ಶರಾವತಿ ಹಿನ್ನೀರಿನ ಪಕ್ಕದಲ್ಲಿರುವ ಪರಿಚಿತರ ಜಮೀನಿನಲ್ಲಿ ಟೆಂಟು ಹಾಕಿ ಎರಡು ರಾತ್ರಿ ಇರಬೇಕೆಂದಿದ್ದೇವೆ. ಮಕ್ಕಳಿಗೆ 6 ಮತ್ತು 11 ವರ್ಷ. ಜೊತೆಗೆ ಎರಡು ವರ್ಷದ ನಮ್ಮ ಲ್ಯಾಬ್ರಡಾರ್ ಬರುತ್ತದೆ. ನೀರು ಕಂಡರೆ ಅದನ್ನು ಹಿಡಿಯುವವರಿಲ್ಲ. ‘ನಾಯಿ ಕಟ್ಟಿಕೊಂಡು ಹೋದರೆ ಮಕ್ಕಳಿಗೆ ಕಾಯಿಲೆ ಅಂಟುತ್ತೆ’ ಅಂತ ನಮ್ಮತ್ತೆ ಬೇಡವೆನ್ನುತ್ತಾರೆ. ಎಲ್ಲರಿಗೂ ಒಂದೊಂದು ಡಾಕ್ಸಿಸೈಕ್ಲಿನ್ ಮಾತ್ರೆ ನುಂಗಿಸಿದರಾಯಿತು ಅನ್ನುವುದು ನಮ್ಮ ಯಜಮಾನರ ವಾದ. ಪ್ರಥಮ ಚಿಕಿತ್ಸೆಯ ಡಬ್ಬಿಯಲ್ಲಿ ಏನೇನು ಇರಬೇಕು, ದಯವಿಟ್ಟು ತಿಳಿಸಿ.
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಡಬ್ಬಿಯ ವಿಚಾರ ಬೇಗ ಮುಗಿಸಿಬಿಡುತ್ತೇನೆ. ಸೋಪು, ಬ್ಯಾಂಡೇಜು, ತುದಿ ಸಣ್ಣಗಿರುವ ಚಿಮುಟ, ಓಆರ್‌ಎಸ್ ಪೊಟ್ಟಣ, ಮಕ್ಕಳ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಇದ್ದರೆ ಸಾಕು. ಆದರೆ ನೀವು ಹೊರಟಿರುವ ಜಾಗದಲ್ಲಿ ನಿಜವಾಗಿ ಹೆದರಬೇಕಾದದ್ದು ಇಲಿ ಜ್ವರಕ್ಕೆ, ಮಂಗನ ಕಾಯಿಲೆಗೆ, ಎಲ್ಲಕ್ಕಿಂತ ಮೊದಲು ಮುಳುಗುವುದಕ್ಕೆ. ಇವುಗಳಿಗೆ ಆ ಡಬ್ಬಿಯಲ್ಲಿ ಮದ್ದಿಲ್ಲ. ನಿಮ್ಮ ಅತ್ತೆಯವರ ಆತಂಕದಲ್ಲಿ ಹುರುಳಿದೆ, ಬೆರಳು ತೋರಿಸಿದ ದಿಕ್ಕು ಮಾತ್ರ ಸರಿಯಿಲ್ಲ. ಅಪಾಯ ಇರುವುದು ನೀರಿನಲ್ಲಿ, ಕೆಸರಿನಲ್ಲಿ, ಕಾಡಂಚಿನ ತರಗೆಲೆಯಲ್ಲಿ. ಚುರುಕಿನ ನಾಯಿ ಅದನ್ನು ಮಕ್ಕಳ ಹತ್ತಿರಕ್ಕೆ ತರುತ್ತದೆ, ಇಲ್ಲವೇ ಮಕ್ಕಳನ್ನೇ ಅದರ ಹತ್ತಿರಕ್ಕೆ ಎಳೆದೊಯ್ಯುತ್ತದೆ. ಆದ್ದರಿಂದ ಹೊರಡುವ ಒಂದೂವರೆ ತಿಂಗಳ ಮೊದಲಿನಿಂದ ಆ ನಾಯಿಗೆ ಏನೇನು ಮಾಡಿಸಿದ್ದೀರಿ, ದಡದ ಮೇಲೆ ಅದನ್ನು ಎಲ್ಲಿ ಇಟ್ಟುಕೊಳ್ಳುತ್ತೀರಿ ಎಂಬುದರ ಮೇಲೆ ಮಕ್ಕಳ ಕ್ಷೇಮ ನಿಂತಿದೆ.

ಇಲಿ ಜ್ವರದಿಂದ ಶುರು ಮಾಡೋಣ. ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ ಇಲಿ, ದನ, ಹಂದಿ, ನಾಯಿಗಳ ಮೂತ್ರದಲ್ಲಿ ಹೊರಬಂದು, ಸಿಹಿನೀರಿನಲ್ಲೂ ಒದ್ದೆ ಮಣ್ಣಿನಲ್ಲೂ ವಾರಗಟ್ಟಲೆ ಬದುಕಿರಬಲ್ಲದು. ತರಚಿದ ಚರ್ಮ, ಕಣ್ಣು, ಮೂಗು, ಬಾಯಿಯ ಒಳಪೊರೆ ಇದ್ದರೆ ಅದಕ್ಕೆ ಸಾಕು, ಒಳಗೆ ಇಳಿಯುತ್ತದೆ. 1998ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಸರೋವರದಲ್ಲಿ ಟ್ರಯಥ್ಲಾನ್ ನಡೆಯಿತು. ಈಜಿದ ಕ್ರೀಡಾಪಟುಗಳಲ್ಲಿ ಅನೇಕರು ಈ ಜ್ವರದಿಂದ ಮಲಗಿದರು. ವಿಚಾರಿಸಿ ನೋಡಿದಾಗ ಈಜುವಾಗ ಸರೋವರದ ನೀರನ್ನು ಒಂದೆರಡು ಗುಟುಕಾದರೂ ನುಂಗಿದವರಲ್ಲೇ ರೋಗ ಹೆಚ್ಚಾಗಿತ್ತು. ಸ್ಪರ್ಧೆಗೆ ಮುಂಚೆ ಅಲ್ಲಿ ಜೋರು ಮಳೆಯಾಗಿತ್ತು. 2000ದಲ್ಲಿ ಮಲೇಷ್ಯಾದ ಸಬಾದಲ್ಲಿ ನಡೆದ ಇಕೋ ಚಾಲೆಂಜ್ ಎಂಬ ಸಾಹಸ ಸ್ಪರ್ಧೆಯ ಕತೆಯೂ ಇದೇ. ಆಮೇಲೆ ಸಂಪರ್ಕಕ್ಕೆ ಸಿಕ್ಕ 189 ಸ್ಪರ್ಧಿಗಳಲ್ಲಿ 80 ಮಂದಿಗೆ ಇಲಿ ಜ್ವರದ ಲಕ್ಷಣಗಳಿದ್ದವು, ಸೆಗಾಮಾ ನದಿಯಲ್ಲಿ ಈಜಿದ್ದೇ ಕಾರಣವೆಂದು ಕಂಡುಬಂತು. ಈ ಎರಡು ಕಡೆಯೂ ಸ್ಪರ್ಧಿಗಳು ನಾಯಿಗಳನ್ನು ಕಟ್ಟಿಕೊಂಡು ಹೋಗಿರಲಿಲ್ಲ ಎಂಬುದನ್ನು ನಿಮ್ಮ ಅತ್ತೆಯವರಿಗೆ ಹೇಳಿ. ನಾಯಿಯನ್ನು ಮನೆಯಲ್ಲೇ ಬಿಟ್ಟು ಮಕ್ಕಳನ್ನು ಮಾತ್ರ ಕೆಸರುನೀರಿನಲ್ಲಿ ಆಡಲು ಬಿಟ್ಟರೆ ಹೆಚ್ಚೇನೂ ಉಳಿಸಿದ ಹಾಗಾಗುವುದಿಲ್ಲ.

ಹಾಗಂದ ಮಾತ್ರಕ್ಕೆ ನಾಯಿ ಪೂರ್ತಿ ನಿರಪರಾಧಿಯೂ ಅಲ್ಲ. ದಡದ ಕೆಸರನ್ನೆಲ್ಲ ಹೊಟ್ಟೆಗೂ ಕಾಲಿಗೂ ಬಳಿದುಕೊಂಡು ಬಂದು, ಊಟಕ್ಕೆ ಕುಳಿತವರ ನಡುವೆ ಮೈ ಝಾಡಿಸುವುದು ಅದರ ಸ್ವಭಾವ. ಸಿಡಿದ ಹನಿ ಮಕ್ಕಳ ಕಣ್ಣಿಗೆ, ಬಾಯಿಗೆ ಬೀಳುತ್ತದೆ. ಅದಕ್ಕೇ ಸೋಂಕು ತಗುಲಿದರೆ ಮೇಲ್ನೋಟಕ್ಕೆ ಗಟ್ಟಿಮುಟ್ಟಾಗಿದ್ದರೂ ಮನೆಯಂಗಳದಲ್ಲಿ ವಾರಗಟ್ಟಲೆ ಮೂತ್ರದ ಮೂಲಕ ಹರಡಬಹುದು. ನಾಯಿಗೆ ಈ ರೋಗದ ವಿರುದ್ಧ ಲಸಿಕೆ ಇದೆ. ವರ್ಷಕ್ಕೊಮ್ಮೆ ಹಾಕಿಸುವ ಸಂಯುಕ್ತ ಲಸಿಕೆಯಲ್ಲಿ ಅದು ಸಾಮಾನ್ಯವಾಗಿ ಸೇರಿರುತ್ತದೆ, ಆದರೂ ಲಸಿಕೆ ಪುಸ್ತಕ ತೆಗೆದು ಪಶುವೈದ್ಯರಿಗೆ ತೋರಿಸಿ ಖಚಿತ ಮಾಡಿಕೊಳ್ಳಿ. ಮೊದಲ ಬಾರಿಗೆ ಹಾಕಿಸುವುದಾದರೆ 2ರಿಂದ 4 ವಾರದ ಅಂತರದಲ್ಲಿ ಎರಡು ಡೋಸ್ ಬೇಕು, ಎರಡನೆಯದರ ನಂತರವೂ ಮೈಯಲ್ಲಿ ರಕ್ಷಣೆ ಬೆಳೆಯಲು ಒಂದಷ್ಟು ದಿನ ಬೇಕು. ಡಿಸೆಂಬರ್ ಕೊನೆಗೆ ಹೊರಡುವವರು ನವೆಂಬರ್ ಮೊದಲ ಭಾಗದಲ್ಲೇ ಪಶುವೈದ್ಯರ ಬಾಗಿಲಿಗೆ ಹೋಗಬೇಕೆನ್ನುವುದು ಈ ಲೆಕ್ಕದಿಂದ. ಈ ಬ್ಯಾಕ್ಟೀರಿಯಾದಲ್ಲಿ ಬಗೆಗಳು ಬಹಳ, ಲಸಿಕೆ ಎಲ್ಲವನ್ನೂ ತಡೆಯುವುದಿಲ್ಲ. ಅಪಾಯ ತಗ್ಗುತ್ತದೆ, ಅಷ್ಟೇ. ರೇಬೀಸ್ ಲಸಿಕೆಯ ಅವಧಿ ಮುಗಿದಿದ್ದರೆ ಅದೇ ಭೇಟಿಯಲ್ಲಿ ಹಾಕಿಸಿ. ಹಳ್ಳಿಯ ನಾಯಿಗಳ ಜೊತೆ ನಿಮ್ಮದು ಜಗಳಕ್ಕೆ ಬೀಳುವುದು ಖಂಡಿತ.

ಸಾಗರದ ಕಡೆ ಎಂದಿರಿ, ಹಾಗಾಗಿ ಉಣುಗಿನ ಮಾತು ಬಿಡುವಂತಿಲ್ಲ. ಉಣುಗು ಹರಡುವ ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಸಾಗರವಿರುವ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. 2018ರ ಡಿಸೆಂಬರಿನಿಂದ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಅದು ಜೀವಗಳನ್ನು ತೆಗೆದದ್ದು ಇನ್ನೂ ಮರೆತಿಲ್ಲ. ಮಳೆಗಾಲ ಮುಗಿದು ಒಣಹವೆ ಶುರುವಾದ ಮೇಲೆ, ಹೆಚ್ಚುಕಡಿಮೆ ಡಿಸೆಂಬರಿನಿಂದ ಮೇವರೆಗೆ ಇದರ ಕಾಲ. ನಿಮ್ಮ ರಜೆ ಸರಿಯಾಗಿ ಅದರ ಬಾಗಿಲಲ್ಲೇ ಬಿದ್ದಿದೆ. ನಾಯಿಯಿಂದ ಮನುಷ್ಯನಿಗೆ ಈ ಕಾಯಿಲೆ ನೇರವಾಗಿ ದಾಟುವುದಿಲ್ಲ, ದಾಟಿಸುವುದು ಉಣುಗು. ಆದರೆ ಪೊದೆಯೊಳಗೆ ನುಗ್ಗಿ ಬಂದ ನಾಯಿಯ ರೋಮದಲ್ಲಿ ಇನ್ನೂ ಕಚ್ಚಿಕೊಳ್ಳದ ಉಣುಗುಗಳು ಇರುತ್ತವೆ, ರಾತ್ರಿ ಅದು ಮಕ್ಕಳ ಹೊದಿಕೆಯ ಮೇಲೆ ಮಲಗಿದರೆ ಅವು ಇಳಿದುಕೊಳ್ಳುತ್ತವೆ. ಈಗ ಜನಪ್ರಿಯವಾಗಿರುವ ಉಣುಗಿನ ಮಾತ್ರೆಯನ್ನು ನುಂಗಿಸಿದ್ದೇವೆ ಎಂದು ನಿಶ್ಚಿಂತರಾಗುವವರಿದ್ದಾರೆ. ಆ ಮಾತ್ರೆ ಉಣುಗನ್ನು ಕೊಲ್ಲುವುದು ಅದು ನಾಯಿಯ ರಕ್ತ ಹೀರಿದ ಮೇಲೆ. ಸುಮ್ಮನೆ ಸವಾರಿ ಬಂದ ಉಣುಗಿಗೆ ಅದರಿಂದ ಏನೂ ಆಗದು. ಆದ್ದರಿಂದ ಮಾತ್ರೆಯೂ ಇರಲಿ, ಸಂಜೆ ಟೆಂಟಿನ ಹೊರಗೆ ಕಿವಿ, ಕತ್ತು, ಬೆರಳ ಸಂದುಗಳನ್ನು ಬಾಚಿ ನೋಡುವ ಕೆಲಸವೂ ಇರಲಿ, ನಾಯಿಯ ಹಾಸಿಗೆ ಮಕ್ಕಳ ಟೆಂಟಿನಿಂದ ಹೊರಗಿರಲಿ. ಬೆನ್ನಿಗೆ ಹಾಕುವ ಹನಿ ಔಷಧಿಯಾದರೆ ಅದಾದ 2 ದಿನ ನೀರಿಗೆ ಬಿಡಬಾರದು, ಇಲ್ಲದಿದ್ದರೆ ದುಡ್ಡು ಹಿನ್ನೀರಿಗೆ ಹಾಕಿದಂತೆ. ನಿಮಗೆ ಮೈ ಮುಚ್ಚುವ ಬಟ್ಟೆ, ಆರೋಗ್ಯ ಇಲಾಖೆ ಆ ಭಾಗದಲ್ಲಿ ಹಂಚುವ ಡೆಪಾ ತೈಲ. ಹೊರಡುವ ಮುನ್ನ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ, ಹತ್ತಿರದಲ್ಲಿ ಮಂಗ ಸತ್ತ ಸುದ್ದಿ ಇದೆಯೇ ಕೇಳಿ. ಇದ್ದರೆ ಜಾಗ ಬದಲಿಸಿ, ಇದರಲ್ಲಿ ಚೌಕಾಸಿ ಬೇಡ.

ಇಷ್ಟೆಲ್ಲ ಹೇಳಿದರೂ, ಈ ಎರಡು ಜ್ವರಗಳಿಗಿಂತ ನನಗೆ ಹೆಚ್ಚು ಭಯ ನೀರಿನದೇ. 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು, ಅದರಲ್ಲಿ ಎಳೆಯ ಮಕ್ಕಳ ಪಾಲು ದೊಡ್ಡದು. ಹಿನ್ನೀರು ಕೆರೆಯ ಹಾಗೆ ಶಾಂತವಾಗಿ ಕಾಣುತ್ತದೆ, ಆದರೆ ಅದರ ತಳ ಒಂದು ಕಾಲದ ಬೆಟ್ಟದ ಇಳಿಜಾರು. ಮೊಣಕಾಲುದ್ದದ ನೀರಿನಿಂದ ಎರಡೇ ಹೆಜ್ಜೆಗೆ ಆಳ ಸಿಗಬಹುದು, ಕೆಳಗೆ ಹೂಳು, ಮುಳುಗಿದ ಮರದ ಬೊಡ್ಡೆಗಳು. ಇಲ್ಲಿ ನಾಯಿ ಏನು ಮಾಡುತ್ತದೆ ನೋಡಿ. ಬೆಳೆದ ಲ್ಯಾಬ್ರಡಾರ್ 30 ಕೆ.ಜಿ.ಯ ಆಸುಪಾಸು, ನಿಮ್ಮ 6 ವರ್ಷದ ಮಗು 20 ಕೆ.ಜಿ. ಹಗ್ಗ ಮಗುವಿನ ಕೈಯಲ್ಲಿದ್ದರೆ ಯಾರು ಯಾರನ್ನು ಎಳೆಯುತ್ತಾರೆಂದು ಬಿಡಿಸಿ ಹೇಳಬೇಕಿಲ್ಲ. ಆಳದಲ್ಲಿ ನಾಯಿ ಒದ್ದಾಡುವುದು ಕಂಡು ಈಜು ಬಾರದ ದೊಡ್ಡವರೇ ಹಿಂದುಮುಂದು ನೋಡದೆ ಹಾರುತ್ತಾರೆ. ಸಾಮಾನ್ಯವಾಗಿ ನಾಯಿ ಹೇಗೋ ದಡ ಸೇರುತ್ತದೆ, ಹಾರಿದವರು ಸೇರುವುದಿಲ್ಲ. ಆದ್ದರಿಂದ ನಾಯಿಗೆ ಮೇಲೆ ಹಿಡಿಕೆ ಇರುವ ಲೈಫ್ ಜಾಕೆಟ್ ತೊಡಿಸಿ, ಉದ್ದ ಹಗ್ಗವನ್ನು ಕತ್ತಿನ ಪಟ್ಟಿಗಲ್ಲ, ಎದೆಯ ಪಟ್ಟಿಗೆ ಕಟ್ಟಿ, ಹಗ್ಗ ಯಾವಾಗಲೂ ದೊಡ್ಡವರ ಕೈಯಲ್ಲಿರಲಿ. ನಾಯಿ ನೀರಿನಲ್ಲಿದ್ದಾಗ ಮಕ್ಕಳು ದಡದ ಮೇಲೆ, ಮಕ್ಕಳು ಲೈಫ್ ಜಾಕೆಟ್ ತೊಟ್ಟು ನೀರಿಗಿಳಿದಾಗ ನಾಯಿ ಮರಕ್ಕೆ. ಒಬ್ಬರ ಕೆಲಸ ಬರೀ ನೋಡುವುದು, ಅವರ ಕೈಯಲ್ಲಿ ಮೊಬೈಲು ಬೇಡ, ಗ್ಲಾಸಂತೂ ಬೇಡವೇ ಬೇಡ. ನೀರಿಗೆ ಚೆಂಡೆಸೆದು ತರಿಸುವ ಆಟವನ್ನೂ ಗಂಟೆಗಟ್ಟಲೆ ಎಳೆಯಬೇಡಿ. ಪ್ರತಿ ಸಲ ಬಾಯಿ ತೆರೆದು ನುಂಗಿದ ನೀರು ರಕ್ತದ ಸೋಡಿಯಂ ಇಳಿಸಿ ನಾಯಿಯ ಪ್ರಾಣಕ್ಕೇ ಮುಳುವಾಗಬಲ್ಲದು.

‘ಅಲ್ಲಿನ ಊರಿನವರು ದಿನಾ ಅದೇ ನೀರಿಗಿಳಿಯುತ್ತಾರಲ್ಲ, ಅವರಿಗೇನಾಗಿದೆ’ ಎಂದು ಜೊತೆಯಲ್ಲಿ ಬರುವವರು ಕೇಳಿಯೇ ಕೇಳುತ್ತಾರೆ. ಆಗುತ್ತದೆ. ಗದ್ದೆಯ ಕೆಸರಿನಲ್ಲಿ ದುಡಿಯುವವರು ಇಲಿ ಜ್ವರಕ್ಕೆ ಮೊದಲು ಸಿಗುವವರು, ಎಷ್ಟೋ ಜ್ವರ ಪರೀಕ್ಷೆಯೇ ಆಗದೆ ಮಾಮೂಲಿ ಜ್ವರದ ಲೆಕ್ಕಕ್ಕೆ ಹೋಗುತ್ತದೆ. ಇನ್ನು ಎಲ್ಲಿ ಆಳ ಎಂಬುದು ಅವರಿಗೆ ಗೊತ್ತು, ನಿಮಗೆ ಗೊತ್ತಿಲ್ಲ. ನಿಮ್ಮ ಯಜಮಾನರ ಮಾತ್ರೆಯ ವಾದ ಪೂರ್ತಿ ತಳ್ಳಿಹಾಕುವಂಥದ್ದಲ್ಲ. ಸಬಾದಲ್ಲಿ ಡಾಕ್ಸಿಸೈಕ್ಲಿನ್ ತೆಗೆದುಕೊಂಡಿದ್ದವರಿಗೆ ಒಂದಷ್ಟು ರಕ್ಷಣೆ ಸಿಕ್ಕಂತಿತ್ತು. ಆದರೆ ಅವರು ದಿನಗಟ್ಟಲೆ ನದಿ ಕಾಡುಗಳಲ್ಲಿ ನೆನೆದವರು. ಮಳೆ ನಿಂತ ಡಿಸೆಂಬರಿನ ಎರಡು ದಿನಕ್ಕೆ, ಗಾಯವಿಲ್ಲದ ಮೈಗೆ, ಆರು ವರ್ಷದ ಮಗುವನ್ನೂ ಸೇರಿಸಿ ಎಲ್ಲರಿಗೂ ಆಂಟಿಬಯೋಟಿಕ್ ನುಂಗಿಸುವುದನ್ನು ನಾನು ಒಪ್ಪುವುದಿಲ್ಲ. 8 ವರ್ಷದೊಳಗಿನ ಮಕ್ಕಳಿಗೂ ಗರ್ಭಿಣಿಯರಿಗೂ ಈ ಔಷಧಿಯನ್ನು ಹೀಗೆ ಮುನ್ನೆಚ್ಚರಿಕೆಗೆಂದು ಕೊಡುವ ರೂಢಿಯಿಲ್ಲ. ಮೇಲಾಗಿ ಅದು ಮಂಗನ ಕಾಯಿಲೆಯ ವೈರಸ್ಸಿಗೆ ನಾಟುವುದೂ ಇಲ್ಲ. ತರಚು ಗಾಯವಿದ್ದವರು ನೀರಿಗಿಳಿಯದಿರುವುದು, ಹಿನ್ನೀರಿನಲ್ಲಿ ಬಾಯಿ ಮುಕ್ಕಳಿಸದಿರುವುದು, ನೀರಿನಿಂದ ಬಂದ ಕೂಡಲೇ ಮಕ್ಕಳಿಗೆ ಸೋಪಿನ ಸ್ನಾನ, ನಾಯಿಗೂ ಶುದ್ಧ ನೀರಿನ ಸ್ನಾನ, ಇವು ಮಾತ್ರೆಗಿಂತ ನಂಬುವಂಥವು. ನಾಯಿಯನ್ನು ಬಿಟ್ಟೇ ಹೋಗಿ ಎಂದು ನಾನು ಹೇಳುವ ಸಂದರ್ಭಗಳೂ ಇವೆ. ಗುಂಪಿನಲ್ಲಿ ಗುಲ್ಮ ತೆಗೆಸಿಕೊಂಡವರು ಅಥವಾ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿದ್ದರೆ ನಾಯಿಯ ಜೊಲ್ಲು ಗಾಯಕ್ಕೆ ತಾಗುವುದೂ ಅವರಿಗೆ ಮಾರಕವಾಗಬಹುದು. ಇನ್ನೊಂದು, ಕರೆದರೆ ವಾಪಸು ಬಾರದ ನಾಯಿ. ‘ನೀರು ಕಂಡರೆ ಅದನ್ನು ಹಿಡಿಯುವವರಿಲ್ಲ’ ಎಂಬ ನಿಮ್ಮ ಪತ್ರದ ಸಾಲು ಓದಿ ನನಗೆ ಅನುಮಾನ ಬಂದಿದೆ. ಇನ್ನೂ ಸಮಯವಿದೆ, ಕಲಿಸಿ. ಕಲಿಯದಿದ್ದರೆ ಈ ಸಲ ಅದು ಅತ್ತೆಯವರ ಜೊತೆ ಮನೆಯಲ್ಲಿರಲಿ.

ವಾಪಸು ಬಂದ ಮೇಲೆ ಒಂದು ತಿಂಗಳು ಕಣ್ಣಿಟ್ಟಿರಿ. ಮಂಗನ ಕಾಯಿಲೆ ಉಣುಗು ಕಚ್ಚಿದ 3ರಿಂದ 8 ದಿನದಲ್ಲಿ ಏಕಾಏಕಿ ಜ್ವರ, ತಲೆನೋವಾಗಿ ಕಾಣಿಸುತ್ತದೆ. ಇಲಿ ಜ್ವರ ಸಾಮಾನ್ಯವಾಗಿ ಒಂದೆರಡು ವಾರಕ್ಕೆ, ಕೆಲವೊಮ್ಮೆ 30 ದಿನಕ್ಕೂ ಬರಬಹುದು. ಮೀನಖಂಡ ಮುಟ್ಟಲಾಗದಷ್ಟು ನೋವು, ಪಿಸಿರಿಲ್ಲದೆ ಕೆಂಪಾದ ಕಣ್ಣು ಅದರ ಗುರುತು. ಎರಡರಲ್ಲೂ ಐಬುಪ್ರೊಫೆನ್, ಆಸ್ಪಿರಿನ್ ನುಂಗಿ ಮನೆಯಲ್ಲೇ ಕಾಯಬೇಡಿ. ವೈದ್ಯರ ಬಳಿ ‘ಜ್ವರ’ ಎಂದಷ್ಟೇ ಹೇಳದೆ ಯಾವ ತಾರೀಕು, ಯಾವ ನೀರು, ಉಣುಗು ಕಂಡಿತ್ತೇ ಎಂಬುದನ್ನು ಮೊದಲು ಹೇಳಿ. ನಾಯಿಯೂ ಊಟ ಬಿಟ್ಟು ವಾಂತಿ ಮಾಡುತ್ತಿದ್ದರೆ, ಅದರ ಕಣ್ಣು, ಒಸಡು ಹಳದಿಯಾಗಿದ್ದರೆ ಕೈಗವಸಿಲ್ಲದೆ ಅದರ ಮೂತ್ರ ಒರೆಸಬೇಡಿ. ಪಶುವೈದ್ಯರು ಹೇಳಿದ್ದನ್ನು ನಿಮ್ಮ ಮಕ್ಕಳ ವೈದ್ಯರಿಗೂ ತಿಳಿಸಿ.