ಯಲಬುರ್ಗಾದ ಅರ್ಕಾವೊತ್ತು

ಕೊಪ್ಪಳದ ನಾಡಿಗೆ ಅಕ್ಷರ ಹೊಸದಲ್ಲ. ಗವಿಮಠದ ಬೆಟ್ಟದ ಮೇಲೆಯೂ ಪಾಲ್ಕಿಗುಂಡಿನ ಬಂಡೆಯ ಮೇಲೆಯೂ ಅಶೋಕ ಚಕ್ರವರ್ತಿಯ ಶಾಸನಗಳು ಬ್ರಾಹ್ಮೀ ಲಿಪಿಯಲ್ಲಿ ಕೊರೆಯಲ್ಪಟ್ಟು ಇಪ್ಪತ್ತೆರಡು ಶತಮಾನಗಳಿಗೂ ಮಿಕ್ಕಿದ ಕಾಲ ಸಂದಿದೆ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ಕನ್ನಡದ ತಿರುಳು ನೆಲೆಸಿರುವ ಊರುಗಳನ್ನು ಎಣಿಸುವಾಗ ಕೊಪಣನಗರವನ್ನು ಮರೆಯಲಿಲ್ಲ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆ ರೂಪುಗೊಂಡಾಗ ಅದರಲ್ಲಿದ್ದ ತಾಲ್ಲೂಕುಗಳು ನಾಲ್ಕು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಕುಕನೂರು, ಕನಕಗಿರಿ, ಕಾರಟಗಿಗಳು ತಾಲ್ಲೂಕುಗಳಾದದ್ದು ಅನಂತರ. ಆ ಮೊದಲ ನಾಲ್ಕು ಹೆಸರುಗಳಿಗೆ ಒಂದು ವಿಚಿತ್ರವಾದ ಪ್ರಯೋಜನವುಂಟು. ಗಣಕಯಂತ್ರವು ಕನ್ನಡವನ್ನು ಸರಿಯಾಗಿ ಬರೆಯಬಲ್ಲುದೇ ಎಂಬುದನ್ನು ಅವುಗಳಿಂದಲೇ ಪರೀಕ್ಷಿಸಬಹುದು.

ಯಲಬುರ್ಗಾ ತಾಲ್ಲೂಕಿನ ಹಳ್ಳಿಯೊಂದರ ವಿದ್ಯಾರ್ಥಿನಿಯೊಬ್ಬಳಿಗೆ ಅವಳ ಸೋದರಮಾವ ತನ್ನ ಹಳೆಯ ಲ್ಯಾಪ್‌ಟಾಪನ್ನು ಕೊಟ್ಟನೆಂದು ಭಾವಿಸೋಣ. ಅದರಲ್ಲಿದ್ದ ಹಳೆಯ ಕಾರ್ಯಾಚರಣಾ ವ್ಯವಸ್ಥೆಗೆ ತಯಾರಕರ ಬೆಂಬಲ ನಿಂತುಹೋಗಿದೆ. ಹೊಸದನ್ನು ಹೊರುವಷ್ಟು ಸ್ಮೃತಿಶಕ್ತಿ ಆ ಯಂತ್ರಕ್ಕಿಲ್ಲ. ಗುಜರಿಗೆ ಹಾಕುವುದೊಂದೇ ದಾರಿಯೆಂದು ಮನೆಯವರು ಹೇಳುತ್ತಾರೆ. ಆದರೆ ಅವಳು ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯ ಹಗುರವಾದ ಒಂದು ಆವೃತ್ತಿಯನ್ನು ಪೆನ್‌ಡ್ರೈವಿನಿಂದ ಹಾಕಿದಳು. ಯಂತ್ರ ಎದ್ದು ಕುಳಿತಿತು. ನಿಸ್ತಂತು ಸಂಪರ್ಕ ಮೊದಲ ದಿನ ಕೈಕೊಟ್ಟಿತು. ಅದಕ್ಕೆ ಬೇಕಾದ ಚಾಲಕ ತಂತ್ರಾಂಶವನ್ನು ಸೇರಿಸಿದ ಮೇಲೆ ಅದೂ ಸರಿಹೋಯಿತು. ಉಳಿದ ತೊಡಕು ಒಂದೇ. ಶಿಷ್ಯವೇತನದ ಅರ್ಜಿಯಲ್ಲಿ ಅವಳು ತನ್ನ ತಾಲ್ಲೂಕಿನ ಹೆಸರನ್ನು ಬರೆದರೆ ಪರದೆಯ ಮೇಲೆ 'ಯಲಬುರ‍್ಗಾ' ಎಂದು ಮೂಡುತ್ತಿತ್ತು. ಹೆಸರೇ ತಪ್ಪಾಗಿರುವ ಅರ್ಜಿಯನ್ನು ಯಾವ ಗುಮಾಸ್ತನಾದರೂ ಸಂಶಯದಿಂದ ನೋಡದೆ ಇರುವನೇ?

ಈ ದೋಷ ಎಲ್ಲಿ ಹುಟ್ಟಿತೆಂದು ತಿಳಿಯಬೇಕಾದರೆ ಯಂತ್ರವು ಅಕ್ಷರವನ್ನು ಹೇಗೆ ಕಾಣುತ್ತದೆಂಬುದನ್ನು ಅರಿಯಬೇಕು. ಯಂತ್ರಕ್ಕೆ ಗೊತ್ತಿರುವುದು ಅಂಕೆಗಳು ಮಾತ್ರ. ಮೊದಲಿಗೆ ಒಂದೊಂದು ತಂತ್ರಾಂಶವೂ ಅಕ್ಷರಗಳಿಗೆ ತನಗೆ ತೋಚಿದ ಅಂಕೆಗಳನ್ನು ಕೊಟ್ಟುಕೊಂಡಿತ್ತು. ಒಂದು ಯಂತ್ರದ ಕನ್ನಡ ಇನ್ನೊಂದರಲ್ಲಿ ಅರ್ಥವಿಲ್ಲದ ಗೀಚುಗಳಾಗಿ ಕಾಣುತ್ತಿತ್ತು. 1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಶಿಷ್ಟತೆ ಈ ಗೊಂದಲಕ್ಕೆ ಪರಿಹಾರವನ್ನು ತೋರಿತು. ಅದು ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳನ್ನು ಮೀಸಲಿಟ್ಟಿದೆ. ರಕಾರಕ್ಕೆ 3248, ಗಕಾರಕ್ಕೆ 3223, ಸ್ವರವನ್ನು ಕಳೆಯುವ ವಿರಾಮ ಚಿಹ್ನೆಗೆ 3277. ಒತ್ತಕ್ಷರಗಳಿಗೆ ಪ್ರತ್ಯೇಕ ಸ್ಥಾನಗಳಿಲ್ಲ; ವ್ಯಂಜನ, ವಿರಾಮ, ಮತ್ತೊಂದು ವ್ಯಂಜನ ಎಂಬ ಅನುಕ್ರಮವನ್ನು ಕಂಡು ಯಂತ್ರವೇ ಒತ್ತನ್ನು ರಚಿಸಿಕೊಳ್ಳಬೇಕು.

ಅರ್ಕಾವೊತ್ತಿನಲ್ಲಿ ತೊಡಕು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 'ಯಲಬುರ್ಗಾ' ಎನ್ನುವಾಗ ನಾಲಗೆ ಮೊದಲು ರಕಾರವನ್ನು ನುಡಿಯುತ್ತದೆ, ಆಮೇಲೆ ಗಕಾರವನ್ನು. ಯಂತ್ರದ ನೆನಪಿನಲ್ಲಿಯೂ ಅದೇ ಕ್ರಮ. ಬರೆವಣಿಗೆಯಲ್ಲಾದರೋ ಗಕಾರವೇ ಮುಂದೆ ಬಂದು, ರಕಾರವು ಅದರ ಹಿಂದೆ ಚಿಹ್ನೆಯಾಗಿ ನಿಲ್ಲುತ್ತದೆ. ಈ ಸ್ಥಾನಪಲ್ಲಟವನ್ನು ಮಾಡುವವರು ಇಬ್ಬರು: ಅಕ್ಷರಗಳನ್ನು ಜೋಡಿಸುವ ತಂತ್ರಾಂಶ ಮತ್ತು ಅಕ್ಷರಶೈಲಿಯ ಕಡತ, ಅಂದರೆ ಫಾಂಟ್. ಲಿನಕ್ಸಿನಲ್ಲಿ ಜೋಡಣೆಯ ಕೆಲಸವನ್ನು ಹೆಚ್ಚಾಗಿ ಮಾಡುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ಅದರ ಹೆಸರು ಪಾರಸಿ ಮೂಲದ್ದು; 'ಹರ್ಫ್' ಎಂದರೆ ಅಕ್ಷರ. ನಿಜಾಮರ ಆಳ್ವಿಕೆಯಲ್ಲಿ ಉರ್ದು ಓದಿದ್ದ ಈ ಸೀಮೆಯ ಹಿರಿಯರಿಗೆ ಆ ಶಬ್ದವನ್ನು ವಿವರಿಸಬೇಕಾಗಿರಲಿಲ್ಲ.

ಇನ್ನು ದೋಷವನ್ನು ಹುಡುಕುವ ಬಗೆ. ನುರಿತವರು ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸುತ್ತಾರೆ. ಬದಲಿಸಿದ್ದನ್ನು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಹತ್ತು ಕಡೆ ಒಟ್ಟಿಗೆ ಕೈಯಾಡಿಸಿದವನಿಗೆ ಯಂತ್ರ ಸರಿಹೋದರೂ ಏಕೆ ಸರಿಹೋಯಿತೆಂಬುದು ತಿಳಿಯದು. ವಿದ್ಯಾರ್ಥಿನಿಯು ನಾಲ್ಕು ಊರುಗಳ ಹೆಸರನ್ನೂ ಒಂದರ ಕೆಳಗೊಂದು ಬರೆದಳು. 'ಗಂಗಾವತಿ'ಯಲ್ಲಿ ಒತ್ತಕ್ಷರವಿಲ್ಲ, ಗುಣಿತಾಕ್ಷರಗಳು ಮಾತ್ರ. ಅದರ ಸ್ಥಾನದಲ್ಲಿ ಬರಿಯ ಚೌಕಗಳು ಕಂಡಿದ್ದರೆ ಯಂತ್ರದಲ್ಲಿ ಕನ್ನಡ ಫಾಂಟೇ ಇಲ್ಲವೆಂದು ಅರ್ಥವಾಗುತ್ತಿತ್ತು. ಅದು ಸರಿಯಾಗಿತ್ತು. 'ಕೊಪ್ಪಳ'ದಲ್ಲಿರುವುದು ಸಜಾತೀಯ ಒತ್ತು, 'ಕುಷ್ಟಗಿ'ಯಲ್ಲಿರುವುದು ವಿಜಾತೀಯ ಒತ್ತು. ಅವು ಒಡೆದು ಅರ್ಧಾಕ್ಷರಗಳಾಗಿ ಕಂಡಿದ್ದರೆ ಜೋಡಣೆಯೇ ನಡೆಯುತ್ತಿಲ್ಲವೆಂದು ಹೇಳಬಹುದಾಗಿತ್ತು. ಅವೂ ಸರಿಯಾಗಿದ್ದವು. ಕೆಟ್ಟದ್ದು ಯಲಬುರ್ಗಾ ಒಂದೇ. ಅಲ್ಲಿಯೂ ಗಕಾರವು ರಕಾರದ ಕೆಳಗೆ ಒತ್ತಾಗಿ ಕುಳಿತಿತ್ತು. ಎಂದಮೇಲೆ ಒತ್ತಿನ ನಿಯಮ ಉಂಟು, ಅರ್ಕಾವೊತ್ತಿನ ನಿಯಮ ಇಲ್ಲ.

ಆ ನಿಯಮ ತಪ್ಪಿದ್ದು ಜೋಡಣೆಯಲ್ಲೋ ಫಾಂಟಿನಲ್ಲೋ? ಅವಳು ಬರೆದುದನ್ನು ಹಾಗೆಯೇ ಉಳಿಸಿ ಫಾಂಟನ್ನು ಮಾತ್ರ ಬದಲಿಸಿದಳು. ಗುಬ್ಬಿ, ನವಿಲು ಎಂಬ ಮುದ್ದಾದ ಹೆಸರುಗಳ ಮುಕ್ತ ಕನ್ನಡ ಫಾಂಟುಗಳು ಲಿನಕ್ಸಿನ ಭಂಡಾರದಲ್ಲಿವೆ. ಒಂದೇ ಸಾಲಿನ ಆಜ್ಞೆಯಿಂದ ಅವು ಯಂತ್ರಕ್ಕೆ ಇಳಿಯುತ್ತವೆ. ಗುಬ್ಬಿಯನ್ನು ಆರಿಸಿದೊಡನೆ ಪರದೆಯ ಮೇಲೆ 'ಯಲಬುರ್ಗಾ' ಸರಿಯಾಗಿ ಮೂಡಿತು. ಕೊರತೆಯಿದ್ದುದು ಅವಳು ಎಲ್ಲಿಂದಲೋ ತಂದು ಹಾಕಿಕೊಂಡಿದ್ದ ಹಳೆಯ ಫಾಂಟಿನಲ್ಲಿ.

ಅರ್ಜಿಯ ಮಟ್ಟಿಗೆ ಕೆಲಸ ಅಲ್ಲಿಗೆ ಮುಗಿಯಿತು. ಆದರೆ ಅದೇ ಹಳೆಯ ಫಾಂಟನ್ನು ಬಳಸುವ ಇತರರ ಗತಿಯೇನು? ಮುಕ್ತ ತಂತ್ರಾಂಶದ ಹೆಚ್ಚುಗಾರಿಕೆ ಕಾಣುವುದು ಇಲ್ಲಿ. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆಯನ್ನು ಸಾರಿದಾಗಲೂ, 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತನ್ನ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಲಿನಕ್ಸನ್ನು ಹೊರತಂದಾಗಲೂ ಒಪ್ಪಂದ ಒಂದೇ ಬಗೆಯದಾಗಿತ್ತು: ಮೂಲಸಂಕೇತವನ್ನು ಯಾರಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಮುಚ್ಚಿದ ತಂತ್ರಾಂಶದಲ್ಲಿ ತಪ್ಪು ಕಂಡವನು ಒಡೆಯನ ದಯೆಗಾಗಿ ಕಾಯಬೇಕು. ಕೊಪ್ಪಳದ ಒಂದು ತಾಲ್ಲೂಕಿನ ಹೆಸರು ಅಂಥ ಒಡೆಯನಿಗೆ ಎಷ್ಟು ದೊಡ್ಡ ವಿಷಯವಾದೀತು? ಇಲ್ಲಿ ಹಾಗಲ್ಲ. ಮುಕ್ತ ಫಾಂಟಾದರೆ ಅದರ ಕಡತವನ್ನು ಫಾಂಟ್‌ಫೋರ್ಜ್ ಎಂಬ ಉಪಕರಣದಲ್ಲಿ ತೆರೆದು, ಬಿಟ್ಟುಹೋದ ನಿಯಮವನ್ನು ಕೋಷ್ಟಕಕ್ಕೆ ಸೇರಿಸಲು ಬರುತ್ತದೆ. ಅಷ್ಟು ಬಾರದವರೂ ಒಂದು ಒಳ್ಳೆಯ ದೂರುಪತ್ರವನ್ನು ಬರೆಯಬಲ್ಲರು: ಯಾವ ಫಾಂಟು, ಯಾವ ಆವೃತ್ತಿ, ಏನನ್ನು ಬರೆದಾಗ ಏನು ಕಂಡಿತು, ಏನು ಕಾಣಬೇಕಾಗಿತ್ತು. 'ಕನ್ನಡ ಸರಿಯಿಲ್ಲ' ಎಂದಷ್ಟೇ ಬರೆದರೆ ಕನ್ನಡ ಬಾರದ ತಂತ್ರಜ್ಞನಿಗೆ ಅದರಿಂದ ಏನೂ ತಿಳಿಯದು. ನಾಲ್ಕು ಊರುಗಳ ಹೆಸರನ್ನೂ ತಪ್ಪಿದ ರೂಪದ ಚಿತ್ರವನ್ನೂ ಕಳುಹಿಸಿದರೆ ಅವನು ಅಂದೇ ಕೆಲಸಕ್ಕೆ ತೊಡಗಬಹುದು.

ವಿದ್ಯಾರ್ಥಿನಿಯು ಅಂಥದೇ ಪತ್ರವನ್ನು ಬರೆದಳು. ಬರೆಯುತ್ತಿರುವಾಗ ಅವಳಿಗೆ 'ರ‍್ಯಾಂಕ್' ಎಂಬ ಶಬ್ದ ನೆನಪಾಯಿತು. ಅಲ್ಲಿ ಬೇಕಾದದ್ದು ತಿರುಗುಮುರುಗು: ರಕಾರ ಮುಂದೆಯೇ ನಿಂತು ಯಕಾರ ಒತ್ತಾಗಬೇಕು, ಅರ್ಕಾವೊತ್ತು ಬರಲೇಬಾರದು. ಇದಕ್ಕೆಂದು ಯೂನಿಕೋಡ್ ಶಿಷ್ಟತೆಯು ರಕಾರಕ್ಕೂ ವಿರಾಮಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಕೂಡಿಕೆಯ ಚಿಹ್ನೆಯನ್ನು ಇಡಲು ಹೇಳುತ್ತದೆ. ಯಲಬುರ್ಗಾವನ್ನು ಸರಿಯಾಗಿ ಬರೆದ ಹೊಸ ಫಾಂಟು ಇದನ್ನು ಹೇಗೆ ಬರೆಯುವುದೋ ನೋಡಬೇಕೆಂದು ಅವಳು ಐದನೆಯ ಸಾಲಿನಲ್ಲಿ ಆ ಶಬ್ದವನ್ನು ಬರೆದಳು.